ಫಾರ್ಮ್ಯಾಟ್ ಹೊಡೆಯುವ ಮುನ್ನ

ಆಲ್ಬಮ್ ಪುಟದಲ್ಲಿ ಮದುಮಗಳ ಮುಖ ಇದ್ದಕ್ಕಿದ್ದಂತೆ ಅಗಲವಾಗಿ ಕಂಡರೆ ಕ್ಯಾಮೆರಾವನ್ನು ದೂರಬೇಡಿ. ಮಾನಿಟರು ಈಗಿನ ಅಗಲದ್ದು, ಅದಕ್ಕೆ ಸಿಗುತ್ತಿರುವ ಚಿತ್ರ ಮಾತ್ರ ಹಳೆಯ ಕಾಲದ 1024ಕ್ಕೆ 768ರ ಅಳತೆಯದು. ಎಳೆದು ತುಂಬಿಸುತ್ತಿದೆ, ಅಷ್ಟೆ. ಡಿವೈಸ್ ಮ್ಯಾನೇಜರ್ ತೆರೆದರೆ ಕಾರ್ಡಿನ ಹೆಸರಿರಬೇಕಾದ ಜಾಗದಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿರುತ್ತದೆ. ಆ ಸಾಲು ಕಂಡ ಕೂಡಲೇ ನನಗೆ ಹುರುಪು. ಇದು ನನ್ನ ಹೊಟ್ಟೆಪಾಡಲ್ಲ, ಪ್ರೀತಿಯ ಕೆಲಸ. ಚನ್ನಗಿರಿಯ ಫೋಟೊ ಸ್ಟುಡಿಯೊ, ಹೊನ್ನಾಳಿಯ ಫ್ಲೆಕ್ಸ್ ಅಂಗಡಿ, ನ್ಯಾಮತಿಯ ಡಿಟಿಪಿ ಸೆಂಟರು, ಜಗಳೂರಿನ ವಿಡಿಯೊ ಮಿಕ್ಸಿಂಗ್ ಕೋಣೆ, ಎಲ್ಲಿಂದ ಕರೆ ಬಂದರೂ ಪೆನ್‌ಡ್ರೈವು, ಸ್ಕ್ರೂಡ್ರೈವರು, ಒಂದು ಬ್ರಶ್ಶು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತುತ್ತೇನೆ. ರಜೆಯ ದಿನ ಸೂಳೆಕೆರೆಯ ಏರಿ ಮೇಲೆ ಓಡಾಡುವವರ ಸುಖ ನನಗೂ ಗೊತ್ತು. ಆದರೂ ಕಪ್ಪಾಗಿ ಕೂತ ಪರದೆಯೇ ನನ್ನನ್ನು ಹೆಚ್ಚು ಕರೆಯುತ್ತದೆ.

ಏನೇ ಕೆಟ್ಟರೂ ನಮ್ಮ ಕಡೆ ಹೊರಡುವ ಮೊದಲ ಮಾತು ಒಂದೇ: ‘ಅಣ್ಣಾ, ಫಾರ್ಮ್ಯಾಟ್ ಹೊಡ್ದು ಬಿಡ್ಲಾ?’

ಬೇಡ. ಆ ಸಿಪಿಯು ಪೆಟ್ಟಿಗೆಯೊಳಗೆ ಏನೇನಿದೆ ಎಂದು ಒಮ್ಮೆ ನೋಡಿ. ಅರ್ಧ ಮುಗಿದ ಮದುವೆ ಆಲ್ಬಮ್ಮುಗಳು ಡೆಸ್ಕ್‌ಟಾಪಿನ ಮೇಲೇ ಬಿದ್ದಿರುತ್ತವೆ. ಯಾವ ಸಿಡಿಯಿಂದ ಬಂದವೋ ಮಾಲೀಕರಿಗೇ ನೆನಪಿಲ್ಲದ ನುಡಿ, ಬರಹ ಫಾಂಟುಗಳು. ಪೇಜ್‌ಮೇಕರಿನಲ್ಲಿ ಮಾಡಿಟ್ಟ ಲಗ್ನಪತ್ರಿಕೆಗಳಂತೂ ತಲೆಮಾರಿನಿಂದ ತಲೆಮಾರಿಗೆ ನಡೆದು ಬಂದಿವೆ. ಅಣ್ಣನ ಮದುವೆಯದನ್ನೇ ತೆಗೆದು ತಮ್ಮನ ಹೆಸರು ಕೂರಿಸುತ್ತಾರೆ. ಹೊಸ ತಾಲ್ಲೂಕಾದ ಮೇಲೆ ‘ಹೊನ್ನಾಳಿ ತಾ.’ ಅಳಿಸಿ ‘ನ್ಯಾಮತಿ ತಾ.’ ಎಂದು ತಿದ್ದಿದ್ದಾರೆ. ಫಾಂಟು ಹೋದರೆ ಆ ಕಡತಗಳಲ್ಲಿ ಉಳಿಯುವುದು ಅರ್ಥವಿಲ್ಲದ ಗೀಟುಗಳು. ಕೆಟ್ಟಿರುವುದು ಒಂದು ಡ್ರೈವರು. ಅದಕ್ಕಾಗಿ ಇಷ್ಟನ್ನೂ ಒರೆಸುವುದು ನನಗೆ ಸಹಿಸದು.

ನ್ಯಾಮತಿಯ ಆಸುಪಾಸಿನ ತಾಂಡಾಗಳಿಂದ ಕಚೇರಿಗೆ ಬರುವ ಅಜ್ಜಿಯರನ್ನು ಕಂಡಿರಬಹುದು. ಅಜ್ಜಿಯ ಲಂಬಾಣಿ ಸಾಹೇಬರಿಗೆ ತಿಳಿಯದು, ಸಾಹೇಬರ ಕಚೇರಿ ಕನ್ನಡ ಅಜ್ಜಿಗೆ ಹಿಡಿಯದು. ನಡುವೆ ಮೊಮ್ಮಗ ನಿಂತು ಎರಡೂ ಕಡೆ ಮಾತು ದಾಟಿಸುತ್ತಾನೆ. ವಿಂಡೋಸಿಗೂ ಕಾರ್ಡಿಗೂ ನಡುವೆ ಡ್ರೈವರ್ ಮಾಡುವುದು ಅದನ್ನೇ. ಅವನಿಲ್ಲದಿದ್ದರೆ ಕೈಸನ್ನೆಯಲ್ಲಿ ಕೆಲಸ ಸಾಗೀತು, ಬೇಸಿಕ್ ಅಡಾಪ್ಟರ್ ಎಂದರೆ ಆ ಕೈಸನ್ನೆ. ವಿಡಿಯೊ ತಡವರಿಸುತ್ತದೆ, ಎರಡನೇ ಮಾನಿಟರು ಏಳುವುದೇ ಇಲ್ಲ.

ಹಾಗಾಗಿ ನಾನು ಮೊದಲು ಕೇಳುವುದು ಕಾರ್ಡು ಯಾವುದೆಂದು. ಡಬ್ಬದ ಮೇಲಿನ ಹೆಸರನ್ನು ನಂಬುವುದಿಲ್ಲ. ಪ್ರಾಪರ್ಟೀಸಿಗೆ ಹೋಗಿ ಹಾರ್ಡ್‌ವೇರ್ ಐಡಿ ಓದುತ್ತೇನೆ. 10ಡಿಇ ಎಂದಿದ್ದರೆ ಎನ್‌ವಿಡಿಯಾ, 1002 ಎಎಮ್‌ಡಿ, 8086 ಇಂಟೆಲ್. ಈ ಕೊನೆಯದನ್ನು ಕಂಡಾಗಲೆಲ್ಲ ಖುಷಿ: 1978ರ ತನ್ನ 8086 ಪ್ರೊಸೆಸರಿನ ಅಂಕಿಯನ್ನೇ ಕಂಪನಿ ಮನೆತನದ ಗುರುತಾಗಿ ಇಟ್ಟುಕೊಂಡಿದೆ. ಹೆಸರು ನಂಬಬಾರದೇಕೆ ಎಂದರೆ, 2014ರಲ್ಲಿ ಬಂದ ಜಿಟಿ 730 ನೋಡಿ. ಅದೇ ಹೆಸರಿನಲ್ಲಿ 96 ಕೋರುಗಳ ಹಳೆಯ ಫರ್ಮಿ ಚಿಪ್ಪೂ ಉಂಟು, 384 ಕೋರುಗಳ ಕೆಪ್ಲರ್ ಚಿಪ್ಪೂ ಉಂಟು. ಫರ್ಮಿಗೆ ವಿಂಡೋಸಿನಲ್ಲಿ 2018ರ 391.35ರ ಡ್ರೈವರೇ ಕೊನೆ. ಕೆಪ್ಲರಿನದು 47ರಿಂದ ಶುರುವಾಗುವ ಸಾಲಿನವರೆಗೂ ನಡೆಯಿತು. ಪಕ್ಕದ ಅಂಗಡಿಯಲ್ಲಿ ಅದೇ ಹೆಸರಿನ ಕಾರ್ಡಿಗೆ ಸರಿಹೋದ ಡ್ರೈವರು ಇಲ್ಲಿ ಕೂರದೆ ಇದ್ದರೆ ಯಾರ ಕೈಗುಣವೂ ಅಲ್ಲ.

ಜಗಳೂರಿನ ಮಿಕ್ಸಿಂಗ್ ಕೋಣೆಯದು ನನಗೆ ಬಹಳ ಇಷ್ಟವಾದ ಪ್ರಕರಣ. ಲಗ್ನದ ದಿನಗಳು, ಕೆಲಸ ತಲೆ ಮೇಲೆ. ಪರದೆ ಒಮ್ಮೆ ಕಪ್ಪಾಗುತ್ತದೆ, ತಾನೇ ಮರಳುತ್ತದೆ, ಎಡಿಟಿಂಗ್ ಸಾಫ್ಟ್‌ವೇರು ಮಾತ್ರ ಸತ್ತಿರುತ್ತದೆ. ಇದರ ಹಿಂದಿರುವ ಏರ್ಪಾಡು ವಿಸ್ಟಾ ಕಾಲದ್ದು, ಟಿಡಿಆರ್ ಎನ್ನುತ್ತಾರೆ. ಕಾರ್ಡಿಗೆ ಕೊಟ್ಟ ಕೆಲಸಕ್ಕೆ ಎರಡು ಸೆಕೆಂಡಿನೊಳಗೆ ಜವಾಬು ಬರದಿದ್ದರೆ ವಿಂಡೋಸ್ ಇನ್ನು ಕಾಯದೆ ಡ್ರೈವರನ್ನು ನಿಲ್ಲಿಸಿ ಮತ್ತೆ ಎಬ್ಬಿಸುತ್ತದೆ. ಅಷ್ಟು ಹೊತ್ತಿಗೆ ಡ್ರೈವರನ್ನು ಬದಲಿಸಿ ಬದಲಿಸಿ ಹುಡುಗರು ಸೋತಿದ್ದರು. ನಾನು ಯಾವುದನ್ನೂ ಮುಟ್ಟದೆ ಈವೆಂಟ್ ವ್ಯೂವರ್ ತೆರೆದೆ. 4101 ಎಂಬ ದಾಖಲೆಗಳು ಸಾಲಾಗಿ ಇದ್ದವು. ಅವುಗಳ ಗಂಟೆ, ನಿಮಿಷಗಳನ್ನು ಹಾಳೆಯಲ್ಲಿ ಬರೆದುಕೊಂಡೆ. ಬೆಳಿಗ್ಗೆ ಒಂದು ಗುಂಪು, ಸಂಜೆ ಒಂದು ಗುಂಪು, ನಡುಮಧ್ಯಾಹ್ನ ಒಂದೂ ಇಲ್ಲ. ಹಾಳೆಯನ್ನು ಹುಡುಗನ ಮುಂದಿಟ್ಟೆ. ತುಸು ಹೊತ್ತು ನೋಡಿ ಅವನೇ ಹೇಳಿದ: ‘ಇದು ಪಕ್ಕದ ಹಿಟ್ಟಿನ ಗಿರಣಿ ಶುರುವಾಗೋ ಹೊತ್ತು ಕಣಣ್ಣಾ!’

ಗಿರಣಿಯ ಮೋಟರು ಏಳುವಾಗ ವೋಲ್ಟೇಜು ಕುಸಿಯುತ್ತಿತ್ತು. ಯುಪಿಎಸ್ ಬ್ಯಾಟರಿ ಎಂದೋ ಹೋಗಿತ್ತು. ಪೆಟ್ಟಿಗೆಯೊಳಗಿನ ಎಸ್‌ಎಂಪಿಎಸ್ ಬಡಕಲು. ಕಾರ್ಡು ದುಡಿಯುತ್ತಿರುವ ಹೊತ್ತಿಗೇ ಕರೆಂಟು ತಗ್ಗಿದರೆ ಅದು ಉಸಿರು ಕಟ್ಟಿ ನಿಲ್ಲುತ್ತಿತ್ತು. ಎರಡನ್ನೂ ಬದಲಿಸಿದ ಮೇಲೆ 4101 ಮತ್ತೆ ಕಾಣಲಿಲ್ಲ. ಡ್ರೈವರಿನ ತಪ್ಪೆಂದು ಎಲ್ಲರೂ ಬೆರಳು ತೋರಿಸುತ್ತಿದ್ದಾಗ ಅದು ತನ್ನ ಕೆಲಸವನ್ನು ನಿಯತ್ತಿನಿಂದ ಮಾಡುತ್ತಿತ್ತು, ವಿಂಡೋಸ್ ದಿನಾಂಕ ಸಮೇತ ಲೆಕ್ಕ ಬರೆದಿಡುತ್ತಿತ್ತು. ಕೇಳುವವರು ಬೇಕಿತ್ತು.

ಡ್ರೈವರೇ ಕೆಟ್ಟಿದ್ದ ಪಕ್ಷದಲ್ಲಿ ಕೆಲಸ ಸಣ್ಣದು. ಸೇಫ್ ಮೋಡಿಗೆ ಹೋಗಿ, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಓಡಿಸಿ ಹಳೆಯದರ ಚೂರುಗಳನ್ನೆಲ್ಲ ಗುಡಿಸಿ, ಇಂಟರ್‌ನೆಟ್ ಕೇಬಲ್ಲು ಕಳಚಿಟ್ಟೇ ಹೊಸದನ್ನು ಹಾಕಬೇಕು. ಇಲ್ಲವಾದರೆ ವಿಂಡೋಸ್ ತಾನೇ ಮುಂದಾಗಿ ತನಗೆ ಸಿಕ್ಕಿದ್ದನ್ನು ತಂದು ಕೂರಿಸೀತು. ಕೊನೆಗೆ ಯಾವ ನಂಬರಿನ ಡ್ರೈವರ್ ಹಾಕಿದೆ ಎಂದು ಒಂದು ಚೀಟಿ ಬರೆದು ಪೆಟ್ಟಿಗೆಯ ಒಳಮೈಗೆ ಅಂಟಿಸುತ್ತೇನೆ. ಮುಂದೆ ಬಿಚ್ಚುವವರಿಗೆ ಅದು ಸಿಗಲಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಇನ್ನೊಂದು ಬಗೆಯ ಕರೆಗಳು ಶುರುವಾಗಿವೆ. ಹನ್ನೊಂದಕ್ಕೆ ಹೋಗಲಾರದ ಹಳೆಯ ಪೆಟ್ಟಿಗೆಗಳವು. ಹೊನ್ನಾಳಿಯ ಅಂಗಡಿಯಲ್ಲಿ ಪೇಜ್‌ಮೇಕರ್ ಇರುವ ಯಂತ್ರವನ್ನು ನೆಟ್ಟಿನಿಂದ ದೂರವಿಟ್ಟು ಹಾಗೇ ಉಳಿಸಿದೆವು. ಪಹಣಿ, ಅರ್ಜಿ ಕೆಲಸದ ಇನ್ನೊಂದಕ್ಕೆ ಲಿನಕ್ಸ್ ಹಾಕಿದೆವು. ಹಾಕುವಾಗಲೇ ಪರದೆ ಕಪ್ಪು. ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ ಸಾಲಿನ ತುದಿಗೆ ‘ನೋಮೋಡ್‌ಸೆಟ್’ ಸೇರಿಸಿದೆ, ಅಕ್ಷರಗಳು ಮೂಡಿದವು. ಕರ್ನಲ್ ಅಪ್‌ಡೇಟ್ ಮಾಡಿ ಆ ಪದ ತೆಗೆದ ಮೇಲೆ ಪೂರ್ತಿ ಅಗಲದ ಪರದೆ ಬಂತು. ಯಾವ ಡ್ರೈವರ್ ಓಡುತ್ತಿದೆ ಎಂದು ಕೇಳಿದಾಗ ಬಂದ ಉತ್ತರ ‘ನೂವೋ’. ಎನ್‌ವಿಡಿಯಾ ಕಂಪನಿಯ ಒಳಗುಟ್ಟು ಕೈಯಲ್ಲಿಲ್ಲದೆ, ಅದರ ಕಾರ್ಡು ಹೇಗೆ ನಡೆದುಕೊಳ್ಳುತ್ತದೆಂದು ನೋಡಿ ನೋಡಿಯೇ ಊಹಿಸಿ ಬರೆದ ಡ್ರೈವರದು, 2010ರಲ್ಲಿ ಲಿನಕ್ಸ್ ಕರ್ನಲ್ಲಿಗೆ ಸೇರಿತು. ಅದನ್ನು ಬರೆದವರ ಮೇಲೆ ನನಗೆ ಅಪಾರ ಗೌರವ. ಎನ್‌ವಿಡಿಯಾ ತನ್ನ ಕರ್ನಲ್ ಮಾಡ್ಯೂಲಿನ ಮೂಲಸಂಕೇತವನ್ನು ತೆರೆದದ್ದು 2022ರ ಮೇ ತಿಂಗಳಲ್ಲಿ, ಅದೂ ಹೊಸ ಕಾರ್ಡುಗಳಿಗೆ. ಹೊನ್ನಾಳಿಯ ಮುದಿ ಕಾರ್ಡನ್ನು ಕಾಯುತ್ತಿರುವವರು ಈಗಲೂ ಅವರೇ.

ಆ ಯಂತ್ರಕ್ಕೆ ಪ್ರಿಂಟರ್ ಸಿಗಿಸುವುದು ಬಾಕಿ ಇದೆ. ಸಂತೆಯ ಗದ್ದಲ ಇಲ್ಲದ ದಿನ ನೋಡಿ ಬರುತ್ತೇನೆಂದು ಹೇಳಿದ್ದೇನೆ.