ಹುಡುಗ್ಯಾರ ಲಿಲಾವು

"ಆಟ ಆಡೋ ಹೆಣ್ಣುಮಕ್ಕಳನ್ನ ಲಿಲಾವು ಹಾಕ್ತಾರಂತ!" 2023ರ ಫೆಬ್ರುವರಿಯಲ್ಲಿ ಈ ಸುದ್ದಿ ನಮ್ಮೂರ ಚಹಾದಂಗಡಿಗೆ ಬಂದಾಗ ಗಂಡಸರು ನಕ್ಕರು, ಹೆಂಗಸರು ಮುಖ ಸಿಂಡರಿಸಿದರು. ಲಿಲಾವು ಅಂದ್ರ ನಮಗ ಗೊತ್ತಿರೋದು ಗುಡಿ ಮುಂದಿನ ತೆಂಗಿನಕಾಯಿ ಸವಾಲು, ಸಾಲ ಕಟ್ಟದವನ ಟ್ರ್ಯಾಕ್ಟರು, ಇಲ್ಲಾ ಕಾಶಿಯೊಳಗ ಹರಿಶ್ಚಂದ್ರ ಚಂದ್ರಮತಿಯನ್ನ ಮಾರಿದ ಕತಿ. ಆ ಕತಿಯನ್ನ ನಾನೇ ಎಷ್ಟೋ ರಾತ್ರಿ ಹಾಡೀನಿ. ಹಂಗಾಗಿ ಆ ಮಾತು ನನ್ನ ಕಿವಿಗೂ ಚಲೋ ಬೀಳಲಿಲ್ಲ.

ಆದರ ನನ್ನ ಮಗಳು, ಅಳಿಯ ದುಡಿಯಾಕ ಹೋಗಿ ಗೋವಾದ ವಾಸ್ಕೋದಾಗ ನೆಲೆ ನಿಂತಾರ. ಮೊಮ್ಮಗಳು ಅಲ್ಲಿ ಕ್ರಿಕೆಟ್ ಆಡ್ತಾಳ, ಬಾಲ್ ಹಾಕಾಕಿ. ಹತ್ತನೇ ಇಯತ್ತೆಗೆ ಆಟ ಸಾಕು ಅಂತ ಅಳಿಯ, ಬಿಡಂಗಿಲ್ಲ ಅಂತ ಅಕಿ. ಸುಗ್ಗಿ ಮುಗಿಸಿ ನಾ ಹೋದಾಗ ನ್ಯಾಯ ನನ್ನ ಮುಂದ ಬಂತು. ನಾನು ಏಳನೇ ಇಯತ್ತೆ ಓದಿದವ. ತಿಳಿದಿರೋರನ್ನ ಕೇಳದ ತೀರ್ಪು ಕೊಡಬಾರದಂತ ಮೊದಲು ಎಲ್ಲಾ ವಿಚಾರಿಸಿದೆ.

ಆ ಲಿಲಾವು ನಡೆದದ್ದು ಮುಂಬೈಯಲ್ಲಿ, ಫೆಬ್ರುವರಿ 13ರಂದು. ಐದು ತಂಡ, ಒಂದೊಂದರ ಚೀಲದಾಗ 12 ಕೋಟಿ. ಸ್ಮೃತಿ ಮಂಧಾನಾ ಅವರಿಗೆ ಬೆಂಗಳೂರು ತಂಡ 3 ಕೋಟಿ 40 ಲಕ್ಷ ಕೂಗಿತು. ನಮ್ಮ ಶ್ರೇಯಾಂಕಾ ಪಾಟೀಲಗ ಬಂದದ್ದು 10 ಲಕ್ಷ. ಮರುವರ್ಷ, 2024ರ ಫೈನಲ್ಲಿನಾಗ ಅದೇ ಹುಡುಗಿ 12 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತಳು, ಬೆಂಗಳೂರಿಗೆ ಕಪ್ ಬಂತು. ದರಕ್ಕೂ ಹುರುಪಿಗೂ ಸಂಬಂಧ ಇಲ್ಲ ನೋಡ್ರಿ. ಇನ್ನೊಂದು ಲೆಕ್ಕ ಕೇಳ್ರಿ: ಅದಕ್ಕ ಎರಡು ತಿಂಗಳ ಮುಂಚೆ ಗಂಡಸರ ಐಪಿಎಲ್ ಲಿಲಾವಿನಾಗ ಸ್ಯಾಮ್ ಕರನ್ ಅನ್ನೋ ಒಬ್ಬನಿಗೇ 18 ಕೋಟಿ 50 ಲಕ್ಷ ಕೊಟ್ಟಿದ್ದರು. ಹೆಣ್ಣುಮಕ್ಕಳ ಇಡೀ ತಂಡಕ್ಕಿಂತ ಒಬ್ಬ ಗಂಡಸು ತುಟ್ಟಿ. ನಕ್ಕವರು ಇದಕ್ಕ ನಗಬೇಕಿತ್ತು.

ಲಿಲಾವು ಅನ್ನೋ ಶಬ್ದ ಕೆಟ್ಟದ್ದಾದರೂ ಅದರೊಳಗ ಒಂದು ಮರ್ಯಾದಿ ಐತಿ. ಹುಡುಗಿ ತಾನೇ ಹೆಸರು ಕೊಡ್ತಾಳ, ಇಷ್ಟಕ್ಕ ಕಡಿಮಿ ಬರಂಗಿಲ್ಲ ಅಂತ ಮೂಲ ದರ ಮೊದಲೇ ಬರೆಸ್ತಾಳ. ಬ್ಯಾಡಗಿ ಪೇಟೆಯೊಳಗ ನನ್ನ ಮೆಣಸಿನಕಾಯಿಗೆ ದರ ಬರೆಯೋರು ವ್ಯಾಪಾರಿಗಳು. ಒಪ್ಪದಿದ್ರ ಚೀಲ ಹೊತ್ತು ಮನಿಗೆ ಬರಬೇಕು. ಹರದೇಶಿ-ನಾಗೇಶಿ ಹಾಡೋ ಹೆಣ್ಣುಮಕ್ಕಳಿಗೆ ಊರವರು ವೀಳ್ಯ ಕೊಟ್ಟು ಕರೆಸ್ತಿದ್ದರಲ್ಲ, ಅವರಿಗೂ ರಾತ್ರಿಯೆಲ್ಲ ಹಾಡಿದ ಮೇಲೆ ಎಷ್ಟು ಕೈಗೆ ಬೀಳತೈತಿ ಅಂತ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಕೊರತೆ ಬೇರೆ ಕಡೆ ಐತಿ. ಯಾವ ತಂಡ, ಯಾವ ಊರು ಅಂತ ಹುಡುಗಿ ಆರಿಸಂಗಿಲ್ಲ. ಆಸ್ಟ್ರೇಲಿಯಾದಾಗ ಹೆಣ್ಣುಮಕ್ಕಳ ಫುಟ್‌ಬಾಲ್ ಲೀಗ್ 2017ರಲ್ಲಿ ಶುರುವಾಯ್ತು. ತತ್ತಿಯಂಗ ಉದ್ದನೆ ಚೆಂಡು, ಕಾಲಿಲೆ ಒದೀತಾರ, ಕೈಲೆ ಗುದ್ದತಾರ. ಅಲ್ಲಿ ಕೂಗಾಟ ಇಲ್ಲ, ಡ್ರಾಫ್ಟ್ ಅಂತ ಮಾಡ್ತಾರ: ಹಿಂದಿನ ಸಲ ಕಡೀಗೆ ನಿಂತ ತಂಡ ಮೊದಲು ಆರಿಸೋದು. ಬಡವಗ ಮೊದಲ ತುತ್ತು. ಮೊದಮೊದಲು ಕೆಲವು ವರ್ಷ ಯಾವ ರಾಜ್ಯದ ತಂಡದವರು ತನ್ನನ್ನ ಆರಿಸಬೇಕಂತ ಹುಡುಗಿಯೇ ಬರೆದು ಕೊಡತಿದ್ದಳು. ಪಗಾರ ಸಾಲದ್ದಕ್ಕ ಬಹಳ ಮಂದಿ ನೌಕರಿ, ಓದು ಬಿಡದ ಆಡತಿದ್ದರು, ಊರು ಬಿಟ್ಟು ಹೋಗೋದು ಹೆಂಗ? ಅಪ್ಪ ಆಡಿದ ತಂಡಕ್ಕ ಮಗಳು ಹೋಗಾಕೂ ದಾರಿ ಇಟ್ಟಾರ. ನಮ್ಮ ಮೇಳಗಳೂ ಹಂಗ ಅಲ್ಲೇನು, ಅಪ್ಪನ ತಾಳ ಮಗನ ಕೈಗೆ. ಸಣ್ಣವರಿದ್ದಾಗ ನಾವೂ ಇಬ್ಬಿಬ್ಬರು ದೂರ ಹೋಗಿ ಗುಟ್ಟಾಗಿ ಹೆಸರಿಟ್ಕೊಂಡು ಬಂದು, "ಮಾವಿನಹಣ್ಣು ಬೇಕೋ, ಬಾಳೆಹಣ್ಣು ಬೇಕೋ" ಅಂತ ಕೇಳಿ ತಂಡ ಹಂಚಿಕೊಳ್ಳತಿದ್ದೆವು. ಯಾರಿಗೂ ಅವಮಾನ ಇರಲಿಲ್ಲ.

ಮೊಮ್ಮಗಳು ಗ್ವಾಡಿಗೆ ಶಿಖಾ ಪಾಂಡೆ ಅವರ ಚಿತ್ರ ಹಚ್ಚ್ಯಾಳ. ಮಾಸ್ತರ ಮಗಳು, ಗೋವಾದ ಪರವಾಗಿ ಆಡಿ ಬೆಳೆದಾಕಿ. ಫಾರ್ಮಾಗುಡಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಾಗ ಓದಿ, 2011ರಲ್ಲಿ ವಾಯುಪಡೆಗೆ ಸೇರಿ, ವಿಮಾನಗಳಿಗೆ ದಾರಿ ಹೇಳೋ ಅಧಿಕಾರಿಯಾದಳು. 2014ರಲ್ಲಿ ಭಾರತ ತಂಡಕ್ಕ ಬಂದಳು. ಮುಂಬೈ ಲಿಲಾವಿನಾಗ ದೆಹಲಿಯವರು 60 ಲಕ್ಷಕ್ಕ ತಗೊಂಡರು, ಮೂರು ಸಲ ಆಡಿಸಿ ಕೈಬಿಟ್ಟರು. 2025ರ ನವೆಂಬರ್ 27ಕ್ಕ ಮತ್ತ ಲಿಲಾವಾದಾಗ ಯುಪಿ ತಂಡದವರು 2 ಕೋಟಿ 40 ಲಕ್ಷ ಕೊಟ್ಟರು. ಆಗ ಅಕಿಗೆ 36 ವರ್ಷ. ಎತ್ತಿಗೆ ವಯಸ್ಸಾದಷ್ಟು ದರ ಇಳಿಯೋದನ್ನೇ ನೋಡಿದವ ನಾನು, ಬೆರಗಾದೆ.

ಅಳಿಯ ಸುಮ್ಮನಿರಲಿಲ್ಲ. "ಮಾವಾರ, ಯಾರೂ ಕೂಗದಿದ್ರ?" ಅಂದ. ನ್ಯಾಯವಾದ ಪ್ರಶ್ನೆ. ಮೊದಲ ಲಿಲಾವಿನ ಪಟ್ಟಿಯೊಳಗ ನಾನೂರಕ್ಕೂ ಹೆಚ್ಚು ಮಂದಿ, ಹೋದವರು 87. ಶಿಖಾಗ ಎರಡು ಕೋಟಿ ಬಂದ ದಿನವೇ ಆಸ್ಟ್ರೇಲಿಯಾದ ನಾಯಕಿ ಅಲಿಸಾ ಹೀಲಿ ಹೆಸರು ಮೊದಲು ಕರೆದರು, ಯಾರೂ ಕೈ ಎತ್ತಲಿಲ್ಲ. ಬೆಂಗಳೂರಿನ ವೃಂದಾ ದಿನೇಶ 1 ಕೋಟಿ 30 ಲಕ್ಷಕ್ಕ ಹೋಗಿ, ಮೊದಲ ಸಲವೇ ಭುಜಕ್ಕ ಪೆಟ್ಟಾಗಿ ನಡುವೆ ಹೊರಬಿದ್ದಳು.

ಅದಕ್ಕ ನಾನಂದೆ: "ಲಿಲಾವು ನಂಬಿ ಆಡಿಸಬ್ಯಾಡ, ಲಿಲಾವಿಗೆ ಅಂಜಿ ಬಿಡಿಸಲೂ ಬ್ಯಾಡ. ಓದು ಒಂದು ಕೈಯಾಗ, ಬಾಲ್ ಒಂದು ಕೈಯಾಗ ಇರಲಿ. ಆ ಫಾರ್ಮಾಗುಡಿ ನಿಮಗೇನು ದೂರ?" ಅಕಿ ತಾಯಿ ಒಳಗಿಂದ "ಹಂಗ ಹೇಳಪ್ಪಾ" ಅಂದಳು.

ಈಗ ಬೆಳಿಗ್ಗೆ ಐದೂವರೆಗೆ ಅಳಿಯನೇ ಅಕಿನ್ನ ಮೈದಾನಕ್ಕ ಬಿಟ್ಟು ಕೆಲಸಕ್ಕ ಹೋಗ್ತಾನಂತ. ಬೂಟಿನ ಖರ್ಚು ನನ್ನದು ಅಂದೀನಿ. ಈ ಸಲ ಬ್ಯಾಡಗಿಯೊಳಗ ಕಾಯಿಗೆ ಏನು ದರ ಬರೀತಾರೋ ನೋಡಬೇಕು.