ಆಟದ ಚಿನ್ನ

ಕಂಪ್ಯೂಟರಿನ ಒಳಗಷ್ಟೇ ಇರುವ ಚಿನ್ನಕ್ಕೆ ನಿಜವಾದ ದುಡ್ಡು ಕೊಡುವವರಿದ್ದಾರೆ ಅಂದರೆ ನಂಬುತ್ತೀರಾ? ನನಗೆ ಇದನ್ನು ವಿವರಿಸಿದವನು ಅಕ್ಕನ ಮಗ. ‘ರೂನ್‌ಸ್ಕೇಪ್’ ಎಂಬುದು ಇಂಗ್ಲೆಂಡಿನ ಕಂಪನಿಯೊಂದರ ಆಟ. ದೇಶದೇಶದವರು ಒಟ್ಟಿಗೇ ಆಡುತ್ತಾರೆ. ಅದರಲ್ಲಿ ಹಸಿರು ಡ್ರ್ಯಾಗನ್ ಕೊಂದರೆ ಮೂಳೆ, ಚರ್ಮ ಸಿಗುತ್ತವೆ. ಆಟದ ಸಂತೆಯಲ್ಲಿ ಮಾರಿದರೆ ಚಿನ್ನ. ಕಾಸಿದ್ದು ಪುರುಸೊತ್ತಿಲ್ಲದವರು ಆ ಚಿನ್ನವನ್ನು ಡಾಲರ್ ಕೊಟ್ಟು ಕೊಳ್ಳುತ್ತಾರೆ.

2017ರ ಸುಮಾರಿಗೆ ದಕ್ಷಿಣ ಅಮೆರಿಕದ ವೆನಿಜುವೆಲಾದಲ್ಲಿ ನೋಟಿಗೆ ಬೆಲೆಯೇ ಇಲ್ಲದಂತಾಯಿತು. ತಿಂಗಳ ಸಂಬಳಕ್ಕೆ ಮನೆಯ ದಿನಸಿ ಬರುತ್ತಿರಲಿಲ್ಲ. ಆಗ ಅಲ್ಲಿನ ಎಷ್ಟೋ ಮಂದಿ ದಿನವೆಲ್ಲ ಕೂತು ಡ್ರ್ಯಾಗನ್ ಕೊಂದು, ಚಿನ್ನ ಮಾರಿ, ಮನೆಗೆ ಊಟ ತಂದರು. ಬೆಳಗಿದ ಪಾತ್ರೆಯನ್ನೇ ಮತ್ತೆ ಬೆಳಗುವ ನಮಗೆ ಗೊತ್ತು, ಅದು ಆಟವಲ್ಲ.

ಇಂಥ ಮಾರಾಟ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಖಾತೆ ರದ್ದು. “ಅದು ಮೋಸ, ಚಿಕ್ಕಮ್ಮ” ಅಂತಾನೆ ನಮ್ಮ ಹುಡುಗ. ಡ್ರ್ಯಾಗನ್‌ಗಳ ಹತ್ತಿರವೇ ಹೋಗಿ ವೆನಿಜುವೆಲಾದವರನ್ನು ಕೊಲ್ಲುವುದು ಹೇಗೆಂದು ಹೇಳಿಕೊಟ್ಟವರೂ ಇದ್ದರಂತೆ! (ಆಟದೊಳಗೇ ಕಣ್ರೀ, ಗಾಬರಿಯಾಗಬೇಡಿ.)

ನಿಯಮ ಇರಲಿ. ಆದರೆ ಅದೇ ಕಂಪನಿ 2013ರಿಂದ ‘ಬಾಂಡ್’ ಮಾರುತ್ತಿದೆ. ದುಡ್ಡು ಕೊಟ್ಟು ಕೊಂಡು, ಆಟದಲ್ಲಿ ಚಿನ್ನಕ್ಕೆ ಬದಲಾಯಿಸಿಕೊಳ್ಳಬಹುದು. ಹಾಗಾದರೆ ತಪ್ಪಾದದ್ದು ಚಿನ್ನ ಮಾರಿದ್ದೋ, ಬಡವರು ಮಾರಿದ್ದೋ? ನೀವೇ ಹೇಳಿ.