ನೀಲಿಯಾಗದ ಬ್ಲೂಬೆರಿ

ಬ್ಲೂಬೆರಿ ಎಂಬ ಹೆಸರಿನಲ್ಲೇ ನೀಲಿ ಇದೆ. ಆದರೆ ನ್ಯೂಜೆರ್ಸಿಯಲ್ಲಿರುವ ನನ್ನ ಮಗಳ ಮನೆಯ ಮುಂಬಾಗಿಲ ಪಕ್ಕದ ಗಿಡದಲ್ಲಿ ಹಣ್ಣು ಮಾಗಿದರೂ ನೀಲಿಯಾಗುವುದಿಲ್ಲ. ಹಸಿರಿನಿಂದ ತೆಳುಗುಲಾಬಿಗೆ, ಅಲ್ಲಿಂದ ಕಡುಗುಲಾಬಿಗೆ ತಿರುಗಿ ನಿಂತುಬಿಡುತ್ತದೆ. ತಳಿಯ ಹೆಸರು ‘ಪಿಂಕ್ ಲೆಮನೇಡ್’. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಅದೇ ನ್ಯೂಜೆರ್ಸಿಯಲ್ಲಿ ಸಂಕರಗೊಳಿಸಿ ರೂಪಿಸಿದ ತಳಿ. ತಿನ್ನುವುದಕ್ಕೆ ಮಾತ್ರವಲ್ಲ, ನೋಟಕ್ಕಾಗಿಯೂ ಇದನ್ನು ನೆಡುತ್ತಾರೆ. ವಸಂತದಲ್ಲಿ ಪುಟ್ಟ ಗಂಟೆಗಳಂತೆ ತಲೆಕೆಳಗಾಗಿ ತೂಗುವ ಹೂಗಳು, ಬೇಸಿಗೆಯಲ್ಲಿ ಗುಲಾಬಿ ಹಣ್ಣು, ಎಲೆಯುದುರುವ ಮುನ್ನ ಗಿಡವೆಲ್ಲ ಕೆಂಪು.

ಈ ಗಿಡವನ್ನು ಆರಿಸಿದವಳು ನನ್ನ ಹೆಂಡತಿ. ನಿಮ್ಮಲ್ಲಿ ಅನೇಕರು ಪರೀಕ್ಷೆಯ ದಿನಗಳಲ್ಲಿ ನಮ್ಮ ಮನೆಗೆ ಪಾಠಕ್ಕೆ ಬಂದು ಅವಳ ಕೈಯ ಮಜ್ಜಿಗೆ ಕುಡಿದವರು. ಆದ್ದರಿಂದ ಅವಳ ಸ್ವಭಾವವನ್ನು ನಾನು ವಿವರಿಸಬೇಕಾಗಿಲ್ಲ. 2019ರಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿದ್ದಾಗ ನರ್ಸರಿಯಲ್ಲಿ ಮಗಳು ಗುಲಾಬಿ ಗಿಡಗಳನ್ನು ನೋಡುತ್ತಿದ್ದಳು. ಇವಳು ಮೂಲೆಯಲ್ಲಿದ್ದ ಮೊಳದುದ್ದದ ಸಸಿಯೊಂದರ ಚೀಟಿಯನ್ನು ಮೊಮ್ಮಗಳಿಂದ ಓದಿಸಿಕೊಂಡು, “ರೀ, ನೀಲಿ ಹಣ್ಣೇ ಅಂತೆ, ನೀಲಿ ಇರೋಲ್ಲವಂತೆ. ಇದನ್ನೇ ತೆಗೆದುಕೊಳ್ಳೋಣ” ಎಂದಳು. ತಾನೇ ಗುಂಡಿ ತೆಗೆದು ನೆಟ್ಟಳು. ಅದು ಹಣ್ಣು ಬಿಟ್ಟದ್ದನ್ನು ಅವಳು ನೋಡಲಿಲ್ಲ. 2021ರ ಮಳೆಗಾಲದಲ್ಲಿ ತೀರಿಕೊಂಡಳು.

2023ರ ಏಪ್ರಿಲ್‌ನಲ್ಲಿ ನಾನೊಬ್ಬನೇ ಮಗಳ ಮನೆಗೆ ಹೋದೆ. ಗಿಡ ಸೊಂಟದೆತ್ತರ ಬೆಳೆದಿತ್ತಾದರೂ ಸೊರಗಿದಂತಿತ್ತು. ಇದಕ್ಕೆ ಏನಾದರೂ ಮಾಡಲೇಬೇಕೆಂಬ ಹಟ ನನಗೆ ಬಂತು. ಮನೆಯವರು ಚಳಿ ಕಾಯಿಸಲು ಹಿತ್ತಲಲ್ಲಿ ಸೌದೆ ಉರಿಸಿದ ಬೂದಿ ಒಂದು ಡಬ್ಬಿಯಲ್ಲಿತ್ತು. ನಮ್ಮ ಅರಸೀಕೆರೆಯ ಕಡೆ ತೆಂಗಿನ ಬುಡಕ್ಕೂ ಬದನೆ ಗಿಡಕ್ಕೂ ಒಲೆಯ ಬೂದಿ ಹಾಕುವುದನ್ನು ಚಿಕ್ಕಂದಿನಿಂದ ಕಂಡವನು ನಾನು. ವಾರಕ್ಕೆರಡು ಬೊಗಸೆಯಂತೆ ಬುಡದ ಸುತ್ತ ಹಾಕಿ, ನಲ್ಲಿ ನೀರು ಕಟ್ಟುತ್ತ ಬಂದೆ. ಜೂನ್ ಹೊತ್ತಿಗೆ ಹೊಸ ಎಲೆಗಳೆಲ್ಲ ಹಳದಿಯಾದವು, ನರಗಳು ಮಾತ್ರ ಹಸಿರು. ಮಗಳು ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದದ್ದೇ ನನಗೆ ಕಷ್ಟವಾಯಿತು.

ಕೊನೆಗೆ ಒಂದು ಫೋಟೊ ತೆಗೆದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕಳುಹಿಸಿದೆ. ಕೃಷಿ ಪದವಿ ಪಡೆದು, ರೈತರಿಗೆ ಮಣ್ಣು ಪರೀಕ್ಷೆ ಮಾಡಿಕೊಡುವ ಕೆಲಸದಲ್ಲಿರುವವನು. ಹತ್ತೇ ನಿಮಿಷದಲ್ಲಿ ಫೋನು ಬಂತು.

“ಸಾರ್, ಬುಡಕ್ಕೆ ಏನು ಹಾಕಿದಿರಿ?”

“ಬೂದಿ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಹೇಳಿದ: “ಸಾರ್, ಬೂದಿ ನೀರಿನಲ್ಲಿ ಕೆಂಪು ಲಿಟ್ಮಸ್ ನೀಲಿಯಾಗುತ್ತದೆ. ಎಂಟನೇ ತರಗತಿಯಲ್ಲಿ ನಾನೇ ಮಾಡಿ ನೋಡಿದ್ದೆ.”

ಅವನು ಅದನ್ನು ಹೇಗೆ ಮಾಡಿ ನೋಡಿದ್ದನೆಂಬುದು ನನಗೆ ನೆನಪಿತ್ತು. ಪ್ರಯೋಗಶಾಲೆಯ ಬೀರುವಿನಿಂದ ಲಿಟ್ಮಸ್ ಕಾಗದದ ಪುಸ್ತಕವೊಂದನ್ನು ಕದ್ದು ಮನೆಗೊಯ್ದಿದ್ದ. ಹುಣಿಸೆ ನೀರು, ಸೀಗೆಪುಡಿ, ಒಲೆಬೂದಿ, ಹೀಗೆ ಕೈಗೆ ಸಿಕ್ಕಿದ್ದಕ್ಕೆಲ್ಲ ಅದನ್ನು ಅದ್ದಿ ನೋಡಿದ್ದನಂತೆ. ಆ ದಿನ ನಾನು ಕೇಳಿದ್ದು ಕದ್ದೆಯೋ ಇಲ್ಲವೋ ಎಂದಷ್ಟೇ. ರೂಲುದೊಣ್ಣೆಯಿಂದ ಎರಡು ಏಟು ಕೊಟ್ಟು ಹೊರಗೆ ನಿಲ್ಲಿಸಿದ್ದೆ. ಕಾಗದ ಏನಾಯಿತೆಂದು ಕೇಳಿರಲಿಲ್ಲ. ಫೋನಿನಲ್ಲಿ ಆ ಮಾತೆತ್ತಿದೆ. “ಅದೆಲ್ಲ ಈಗ ಯಾಕೆ ಸಾರ್” ಎಂದು ನಕ್ಕು, ಗಂಧಕದ ವಿಷಯಕ್ಕೆ ಬಂದ.

ಬ್ಲೂಬೆರಿಗೆ ಬೇಕಾದದ್ದು ಹುಳಿ ಮಣ್ಣು. ಪಿಎಚ್ ನಾಲ್ಕೂವರೆಯಿಂದ ಐದೂವರೆಯೊಳಗಿರಬೇಕು. ಅಂಗಡಿಯಿಂದ ತಂದ ಪರೀಕ್ಷಾ ಡಬ್ಬಿಯಲ್ಲಿ ನೋಡಿದರೆ ನಮ್ಮದು ಏಳಿತ್ತು! ಪಿಎಚ್‌ನಲ್ಲಿ ಒಂದು ಅಂಕಿಯ ವ್ಯತ್ಯಾಸವೆಂದರೆ ಹತ್ತು ಪಟ್ಟು ಎಂದು ವರ್ಷವರ್ಷವೂ ಕಪ್ಪು ಹಲಗೆಯ ಮೇಲೆ ಬರೆದವನು ನಾನು. ಐದಕ್ಕೂ ಏಳಕ್ಕೂ ನೂರು ಪಟ್ಟು ಅಂತರ. ಅಂಥ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಎಲೆ ಹಳದಿಯಾದದ್ದು ಅದಕ್ಕೇ. ಮೇಲುಮಣ್ಣನ್ನು ಬೂದಿಸಹಿತ ಕೆರೆದು ತೆಗೆದೆವು. ಬೇರು ಕೂದಲಿನಷ್ಟು ತೆಳು, ಮೇಲ್ಮೇಲೆಯೇ ಹರಡಿರುತ್ತದೆ, ಆದ್ದರಿಂದ ಗುದ್ದಲಿ ಮುಟ್ಟಿಸದೆ ಬೆರಳಿನಿಂದಲೇ ಕೆರೆಯಬೇಕಾಯಿತು. ಗಂಧಕದ ಪುಡಿಯನ್ನು ಅಳತೆ ಮಾಡಿ ಉದುರಿಸಿ, ಪೈನ್ ಮರದ ಒಣ ಎಲೆ ಹೊದಿಸಿ, ಮಳೆನೀರು ಹಿಡಿದು ಹಾಕತೊಡಗಿದೆವು. ಗಂಧಕ ತಾನಾಗಿ ಹುಳಿಯಲ್ಲ; ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ನನ್ನ ವೀಸಾದ ಆರು ತಿಂಗಳು ಅಷ್ಟರಲ್ಲಿ ಮುಗಿದವು.

ಹೊರಡುವ ಮುನ್ನ ಮಗಳು ವೈಟ್ಸ್‌ಬಾಗ್ ಎಂಬ ಹಳೆಯ ಊರಿಗೆ ಕರೆದೊಯ್ದಳು. ಸುತ್ತಲೂ ಮರಳುಮಣ್ಣಿನ ಪೈನ್ ಕಾಡು. ಬ್ಲೂಬೆರಿ ಅದುವರೆಗೆ ಕಾಡುಹಣ್ಣು. ತೋಟದಲ್ಲಿ ಹಾಕಿದರೆ ಬದುಕುತ್ತಿರಲಿಲ್ಲ. ಅದಕ್ಕೆ ಹುಳಿ ಮಣ್ಣು ಬೇಕೆಂದು ಫ್ರೆಡರಿಕ್ ಕೋವಿಲ್ ಎಂಬ ಸಸ್ಯವಿಜ್ಞಾನಿ 1910ರಲ್ಲಿ ಪ್ರಕಟಿಸಿದ. ಅದನ್ನೋದಿದ ಎಲಿಜಬೆತ್ ವೈಟ್ ಎಂಬ ಮಹಿಳೆ ತಾನೇ ಅವನಿಗೆ ಕಾಗದ ಬರೆದು, ತನ್ನ ತಂದೆಯ ಜಮೀನನ್ನೇ ಪ್ರಯೋಗಕ್ಕೆ ಒದಗಿಸಿದಳು. ಕಾಡಿನಲ್ಲಿ ಹಣ್ಣು ಆಯುವವರಿಗೆ ಅಳತೆಯ ಸಾಧನ ಕೊಟ್ಟು, ದಪ್ಪ ಹಣ್ಣಿನ ಗಿಡ ತೋರಿಸಿದವರಿಗೆ ಹಣ ಕೊಟ್ಟು, ಗಿಡಕ್ಕೆ ಅವರ ಹೆಸರನ್ನೇ ಇಟ್ಟಳು. ರೂಬ್ ಲೀಕ್ ಎಂಬಾತ ತೋರಿಸಿದ ಗಿಡ ‘ರೂಬೆಲ್’ ಆಗಿ ಇಂದಿಗೂ ಬೆಳೆಯಲ್ಲಿದೆ. 1916ರಲ್ಲಿ ಮೊದಲ ಬೆಳೆ ಮಾರುಕಟ್ಟೆ ಸೇರಿತು. ಇದನ್ನೆಲ್ಲ ಓದುತ್ತ, ಬೂದಿ ಹಾಕುವ ಮುನ್ನವೇ ಇಲ್ಲಿಗೆ ಬಂದಿದ್ದರೆ ಎಂದುಕೊಂಡೆ.

2025ರಲ್ಲಿ ಮತ್ತೆ ಹೋದೆ. ಎಲೆ ಹಸಿರಾಗಿತ್ತು. ಹೋದ ವರ್ಷದ ಕಡ್ಡಿಯಲ್ಲಿ ಈ ವರ್ಷದ ಹೂ ಬರುವುದರಿಂದ ಮಗಳು ಕತ್ತರಿಯನ್ನೇ ಮುಟ್ಟಿಸಿರಲಿಲ್ಲ. ಮೇ ತಿಂಗಳಲ್ಲಿ ದಪ್ಪ ದುಂಬಿಗಳು ಹೂವಿಗೆ ಜೋತುಬಿದ್ದು ಗುಂಯ್‌ಗುಟ್ಟುತ್ತಿದ್ದವು. ಜುಲೈ ಕೊನೆಯಲ್ಲಿ ಮೊಮ್ಮಗಳು ಎಣಿಸಿ, “ತಾತ, ನಲವತ್ತೊಂದು” ಎಂದಳು. ಬಣ್ಣ ಕಂಡು ಕೀಳಬಾರದು; ಬೆರಳು ತಾಕಿದೊಡನೆ ತಾನಾಗಿ ಕಳಚಿಕೊಳ್ಳಬೇಕು. ಹಾಗೆ ಕಳಚಿದ ಮೊದಲ ಹಣ್ಣನ್ನು ಮಗಳು ಅಮ್ಮನ ಫೋಟೊ ಮುಂದಿಟ್ಟಳು. ಎರಡನೆಯದನ್ನು ನನಗೆ ಕೊಟ್ಟಳು. ಹುಳಿ ಕಡಿಮೆ, ಒಳ್ಳೆಯ ಸಿಹಿ.

ಬಟ್ಟಲು ತುಂಬ ಹಣ್ಣಿನ ಫೋಟೊ ತೆಗೆದು ಶಿಷ್ಯನಿಗೆ ಕಳುಹಿಸಿದೆ. ಆ ರಾತ್ರಿಯೇ ಉತ್ತರ ಬಂತು: “ಸಾರ್, ತುಂಬ ಸಂತೋಷ. ಮುಂದಿನ ಸಲ ಹೊರಡುವ ಮುಂಚೆ ಹೇಳಿ. ಲಿಟ್ಮಸ್ ಕಾಗದ ಕಳಿಸುತ್ತೇನೆ. ಇದು ಕದ್ದದ್ದಲ್ಲ.”